ಸವ್ವಾ ಹರದಾರಿ

ನಮ್ಮ ಕಡೆ ದೂರವನ್ನು ಮೈಲಿಯಲ್ಲಿ ಹೇಳುತ್ತಿದ್ದವರು ಬಸ್ಸಿನ ಕಂಡಕ್ಟರ್ ಮತ್ತು ಶಾಲೆಯ ಮಾಸ್ತರರು ಮಾತ್ರ. ಉಳಿದವರಿಗೆಲ್ಲ ಹರದಾರಿ; ಮೂರು ಮೈಲಿಗೆ ಒಂದು. ನಮ್ಮೂರು ಜಮಖಂಡಿಯಿಂದ ಮುಧೋಳ ನಾಲ್ಕು ಹರದಾರಿ. ನಮ್ಮ ಸೋದರತ್ತೆಯನ್ನು ಕೊಟ್ಟ ಊರು ಅದು. ಮನೆಯ ಹೆಣ್ಣುಮಕ್ಕಳು ಅದಕ್ಕಿಂತ ದೂರ ಹೋಗಬಾರದೆಂಬುದು ಅಪ್ಪನ ತಾಯಿಯ, ಎಂದರೆ ನಮ್ಮ ಆಯಿಯ ಕಟ್ಟಪ್ಪಣೆ. ನಾನು ಧಾರವಾಡದಲ್ಲಿ ಓದಿದ್ದು ಅಲ್ಲಿ ಆಯಿಯ ತಮ್ಮನ ಮನೆ ಇದ್ದುದರಿಂದ. ನಮ್ಮವರ ಮನೆ ಇರುವ ಊರು ಅವಳ ಲೆಕ್ಕದಲ್ಲಿ ದೂರವೇ ಅಲ್ಲ.

ಪುಣೆಯಲ್ಲಿ ನಮ್ಮವರು ಯಾರೂ ಇರಲಿಲ್ಲ. ಅಲ್ಲಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ನನಗೆ ಗಣಿತ ಕಲಿಸುವ ಕೆಲಸ ಸಿಕ್ಕಿತ್ತು. ಅಪ್ಪ ಒಪ್ಪಿದ್ದರು. ಆಯಿ ಒಪ್ಪಿರಲಿಲ್ಲ, ಅವಳು ಹೂಂ ಅನ್ನದೆ ಆ ಮನೆಯಲ್ಲಿ ಏನೂ ನಡೆಯುತ್ತಿರಲಿಲ್ಲ.

ಆಗಲೇ ಅಪ್ಪನ ತಮ್ಮ, ನಮ್ಮ ಕಾಕಾ, ಬೆಳಗಾವಿಯಿಂದ ಸುದ್ದಿ ತಂದರು: ಅಲ್ಲಿನ ಸಾಂಬ್ರಾ ವಿಮಾನ ನಿಲ್ದಾಣದಿಂದ ಪುಣೆಗೆ ವಿಮಾನ ಹೋಗುತ್ತದೆ! ನಾನು ಹಳೆಯ ಅಟ್ಲಾಸ್ ತೆಗೆದು ಎರಡು ಊರುಗಳ ನಡುವೆ ಅಳತೆಪಟ್ಟಿ ಇಟ್ಟೆ. ಇನ್ನೂರು ಮೈಲಿಗೆ ತುಸು ಕಡಿಮೆ. ಖಾತ್ರಿಗೆ ಮತ್ತೊಮ್ಮೆ ಅಳೆದೆ.

"ಹರದಾರಿ ಹೇಳ," ಎಂದಳು ಆಯಿ.

"ಅರವತ್ತರ ಮ್ಯಾಲ."

"ಅರವತ್ತ! ನಿಮ್ಮಪ್ಪಗ ಬುದ್ಧಿ ಇಲ್ಲ, ನಿನಗರೆ ಬ್ಯಾಡೇನ?"

ಕಾಕಾ ನಕ್ಕರು. "ಯವ್ವಾ, ವಿಮಾನದಾಗ ನೀ ಎಲಿ ಅಡಕಿ ಜಗದು ಉಗುಳೂದ್ರಾಗ ಪುಣೆ ಬಂದಿರತೈತಿ."

"ಉಗುಳೂದ ಎಲ್ಲಿ? ಕೆಳಗಿನ ಮಂದಿ ತಲಿ ಮ್ಯಾಲೇನ?"

ಆ ನಗುವಿನ ನಡುವೆ ನನಗೊಂದು ಯೋಚನೆ ಹೊಳೆಯಿತು. "ಆಯಿ, ಒಂದ ಹರದಾರಿ ಅಂದ್ರ ಎಷ್ಟ?"

"ತಾಸ ಹೊತ್ತು ನಡದ್ರ ಒಂದ ಹರದಾರಿ. ಇಷ್ಟ ಕಲತು ಇದನ್ನ ಕೇಳತಿಯಲ್ಲ ಬೇ!"

"ವಿಮಾನಕ್ಕ ತಾಸಿನ ಮ್ಯಾಲ ಕಾಲ ತಾಸ, ಸವ್ವಾ ತಾಸ ಸಾಕಂತ. ಹಂಗಾದ್ರ ಪುಣೆ ಸವ್ವಾ ಹರದಾರಿ ಆತಲ್ಲ?"

ಮನೆಯಲ್ಲಿ ನಾನು ಅಷ್ಟು ಜೋರಾಗಿ ಮಾತಾಡಿದ್ದೇ ಇಲ್ಲ. ಕಿವಿ ಬಿಸಿಯಾದವು. ಸುಣ್ಣ ಹಚ್ಚುತ್ತಿದ್ದ ಆಯಿಯ ಬೆರಳು ಎಲೆಯ ಮೇಲೆ ನಿಂತಿತು.

"ಮುಧೋಳಕಿಂತ ಸನೀಪ ಆತು," ಎಂದಳು ಕೊನೆಗೆ.

"ಮತ್ತ ಬೆಳಗಾವಿತನಕ ಬಸ್ಸಿನ್ಯಾಗ ಹೋಗೂದು?" ಎಂದು ಕಾಕಾ ಕೆಣಕಿದರು.

"ಬೆಳಗಾವ್ಯಾಗ ನಿನ್ನ ಹೆಂಡತಿ ತೌರಮನಿ ಐತಿ. ಅದೇನ್ ದೂರ? ಸುಮ್ಮ ಕುಂಡರಲೇ. ಹೋಗಿ ಬರಲಿ ಹುಡುಗಿ."

ನಾನು ಹಿತ್ತಲಿಗೆ ಹೋಗಿ, ಯಾರೂ ಇಲ್ಲದ್ದು ನೋಡಿಕೊಂಡು, ನಿಂತಲ್ಲೇ ಒಮ್ಮೆ ಜಿಗಿದೆ.

ಮುಧೋಳಕ್ಕೆ ಹೊರಟವರಿಗೂ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿ ಕಟ್ಟುತ್ತಿದ್ದ ಆಯಿ ನಾನು ಹೊರಟ ದಿನ ಏನೂ ಕಟ್ಟಲಿಲ್ಲ. ಅವ್ವ ಕೇಳಿದ್ದಕ್ಕೆ, "ಸವ್ವಾ ಹರದಾರಿಗೆ ಯಾರರೆ ಬುತ್ತಿ ಕಟ್ಟತಾರೇನ? ಮಂದಿ ನಗತಾರ," ಎಂದು ನನ್ನ ಕಡೆ ನೋಡದೆ ಹೇಳಿದಳು. ನಾನು ಅವಳ ಕಾಲು ಮುಟ್ಟಿ ಬಸ್ಸು ಹತ್ತಿದೆ. ಬುತ್ತಿ ಕಟ್ಟಿದ್ದರೆ ಪುಣೆ ದೂರದ ಊರಾಗಿಬಿಡುತ್ತಿತ್ತು.

ಮರುದಿನ ಬೆಳಗಾವಿಯಲ್ಲಿ ಕಾಕಾನ ಅತ್ತೆ ಬುತ್ತಿ ತಂದಾಗ ನಾನೇ ಬೇಡವೆಂದೆ. ಬೆಳಗಿನಿಂದ ಸಂಭ್ರಮದಲ್ಲಿ ಒಂದು ತುತ್ತೂ ಇಳಿದಿರಲಿಲ್ಲ. ವಿಮಾನ ನೆಲ ಬಿಟ್ಟಾಗ ಹೊಟ್ಟೆ ಚುರುಗುಟ್ಟುತ್ತಿತ್ತು. ಕಿಟಕಿಗೆ ಒತ್ತಿದ ಮುಖವನ್ನು ಮಾತ್ರ ಪುಣೆಯವರೆಗೂ ನಾನು ತೆಗೆಯಲಿಲ್ಲ.