ಮಾಲತಿ ಆಂಟಿಯ ಗೋಡೆಯ ಮೇಲಿನ ರಾಣಿ

ಹಳೆಯ ಡ್ರಾಯರು ಖಾಲಿ ಮಾಡುತ್ತಿದ್ದಾಗ ಒಂದು ಲಕೋಟೆ ಸಿಕ್ಕಿತು. ಮೂಲೆಯಲ್ಲಿ ಬ್ರಿಟಿಷ್ ರಾಣಿಯ ಅಂಚೆಚೀಟಿ. ಅಂಚೆಯ ಮುದ್ರೆ ಅವಳ ಕೆನ್ನೆ ಮುಟ್ಟದೆ ಪಕ್ಕಕ್ಕೆ ಜಾರಿತ್ತು. ಸಿಂಹಾಸನದಲ್ಲಿ ಅವಳ ಜಾಗಕ್ಕೆ ಈಗ ಮಗ ಬಂದಿದ್ದಾನೆ. ನನ್ನ ಕಣ್ಣಿಗೆ ಅವನಿನ್ನೂ ರಜೆಯ ಮೇಲೆ ಹೋದ ಮೇಷ್ಟ್ರ ಬದಲಿಗೆ ಬಂದವನ ಹಾಗೆ ಕಾಣುತ್ತಾನೆ. ಎದುರಿಗೆ ಕೂತು ಬೇಡದ ಕಾಗದ ಹರಿಯುತ್ತಿದ್ದ ಹೆಂಡತಿ, “ಮಾಲತಿ ಆಂಟಿ ಹ್ಯಾಂಡ್‌ರೈಟಿಂಗು ಅಲ್ವಾ?” ಎಂದಳು.

ಮಾಲತಿ ಆಂಟಿ ಮೈಸೂರಿನವರು. ಇಲ್ಲಿನ ಎಟೋಬಿಕೋಕ್ ಬಡಾವಣೆಯ ಒಂದು ಹಳೆಯ ಮನೆಯಲ್ಲಿ ಒಬ್ಬರೇ ಇದ್ದರು. ನೆಂಟರೇನಲ್ಲ, ಈ ದೇಶಕ್ಕೆ ಬಂದ ಮೊದಲ ವರ್ಷ ಅವರ ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದೆವು, ಅಷ್ಟೆ. ಅಡುಗೆಮನೆಯ ಗೋಡೆಯಲ್ಲಿ ಚಾಮುಂಡಿಯ ಪಕ್ಕ ರಾಣಿಯ ಪಟ. ಹೂವು ಚಾಮುಂಡಿಗೆ ಮಾತ್ರ. ಧೂಳು ಒರೆಸುವುದು ಇಬ್ಬರಿಗೂ. ಬ್ರಿಟಿಷರನ್ನು ಓಡಿಸಿದವನು ನಾನೇ ಎಂಬ ಗತ್ತಿನಲ್ಲಿ ಒಮ್ಮೆ ಕೆಣಕಿದೆ.

“ರಾಣಿ ಅಂತ ಇಟ್ಕೊಂಡಿಲ್ಲ ಕಣೋ. ರಾಜರನ್ನ ಮೈಸೂರಲ್ಲೇ ನೋಡಿದೀನಿ. ವಾರ ವಾರ ಪ್ರಧಾನಿ ಬಂದು ಇವಳ ಹತ್ರ ಎಲ್ಲಾ ಹೇಳ್ಕೊಂಡು ಹೋಗ್ತಾನಂತೆ. ಇವಳು ಹೊರಗೆ ಬಾಯಿ ಬಿಟ್ಟಿದ್ದು ಕೇಳಿದೀಯಾ? ನಮ್ಮ ಕನ್ನಡ ಸಂಘದ ಕಮಿಟಿ ಮೀಟಿಂಗಿನ ಮಾತು, ನಾವು ಕಾರು ಹತ್ತೋದ್ರೊಳಗೆ ಪಕ್ಕದೂರು ಬ್ರಾಂಪ್ಟನ್ ಮುಟ್ಟಿರತ್ತೆ.”

ಹುಟ್ಟಿನಿಂದ ಬರುವ ಕಿರೀಟ ನನಗೆ ಇಂದಿಗೂ ಒಪ್ಪಿಗೆಯಿಲ್ಲ. ಆದರೆ ಆಜ್ಞೆ ಮಾಡುವಂತಿಲ್ಲದ ಕುರ್ಚಿಯಲ್ಲಿ ಜೀವಮಾನವಿಡೀ ನೆಟ್ಟಗೆ ಕೂತು, ಒಬ್ಬರಾದ ಮೇಲೊಬ್ಬರ ದುಗುಡ ಕೇಳಿಸಿಕೊಂಡು, ಎಲ್ಲವನ್ನೂ ತನ್ನೊಂದಿಗೇ ಒಯ್ದ ಹೆಂಗಸು ಅವಳು. ಅದು ಎಷ್ಟು ದೊಡ್ಡ ಕೆಲಸವೆಂದು ನನಗೆ ತಿಳಿದದ್ದು ಆಂಟಿಯ ಅಡುಗೆಮನೆಯಲ್ಲಿ.

ನಾವು ಬೇರೆ ಮನೆಗೆ ಹೋದ ವರ್ಷ, ಮೆಡೋವೇಲ್‌ನ ಆಫೀಸಿನಲ್ಲಿ ನನ್ನ ಕೆಲಸ ಹೋಯಿತು. ಹೆಂಡತಿಗೆ ಏಳು ತಿಂಗಳು. ಹೇಳುವ ಧೈರ್ಯ ಬರಲಿಲ್ಲ. ದಿನಾ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಅವಳು ಕಟ್ಟಿಕೊಟ್ಟ ಡಬ್ಬಿ ಹಿಡಿದು ಆಫೀಸಿಗೆ ಹೋಗುವವನಂತೆ ಹೊರಡುತ್ತಿದ್ದೆ. ಲೈಬ್ರರಿ, ಮಾಲು, ಮತ್ತೆ ಲೈಬ್ರರಿ; ಮಂಗಳವಾರ ಮಾತ್ರ ಆಂಟಿಯ ಮನೆ. ಅವರಿಗೆ ಎಲ್ಲವನ್ನೂ ಹೇಳಿಕೊಂಡೆ.

ಅವರು ಏನೆಂದರು? ಇಲ್ಲಿ ನನ್ನನ್ನು ಪೂರ್ತಿ ನಂಬಬೇಡಿ. ಈ ಭಾಗವನ್ನು ಮೂರು ಸಲ ಬರೆದು ಹರಿದಿದ್ದೇನೆ. ಪ್ರತಿ ಸಲವೂ ಆಂಟಿ ಮೊದಲಿಗಿಂತ ಹೆಚ್ಚು ಜಾಣರಾಗುತ್ತಿದ್ದರು, ಒಂದರಲ್ಲಿ ಕಣ್ಣೀರನ್ನೂ ಒರೆಸಿಕೊಂಡರು. ಅವರು ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದರು, ಅಷ್ಟು ನಿಜ. ಆಣೆ ಮಾಡಿ ಹೇಳಬಲ್ಲ ಮಾತು ಒಂದೇ: “ಅವಳಿಗೆ ಹೇಳೋದು ನಿನ್ನ ಕೆಲಸ, ನಾನಂತೂ ಹೇಳಲ್ಲ. ಆದ್ರೆ ತಡ ಮಾಡ್ಬೇಡ.”

ತಡ ಮಾಡಿದೆ. ಆರನೇ ವಾರ ರೆಕ್ಸ್‌ಡೇಲ್‌ನಲ್ಲಿ ಇನ್ನೊಂದು ಕೆಲಸ ಸಿಕ್ಕಿತು. ಕಂಪನಿ ಬದಲಿಸಿದೆ ಎಂದು ಮನೆಯಲ್ಲಿ ಹೇಳಿದೆ. ಮಗಳು ಹುಟ್ಟಿದಳು. ರಾಣಿ ಹೋದ ಮರುವರ್ಷ ಆಂಟಿಯೂ ಹೋದರು. ಆ ಆರು ವಾರದ ಸುಳ್ಳು ಮಾತ್ರ ಹಾಗೇ ಉಳಿಯಿತು.

ಇವತ್ತು ಆ ಲಕೋಟೆ ಕೈಯಲ್ಲಿ ಹಿಡಿದು ಹೆಂಡತಿಗೆ ಹೇಳಿಬಿಟ್ಟೆ. ಇಷ್ಟು ವರ್ಷ ಮುಚ್ಚಿಟ್ಟವನನ್ನು ಇನ್ನು ಹೇಗೆ ನಂಬಲಿ ಎಂದು ಅವಳು ಕೇಳುತ್ತಾಳೆ ಎಂದುಕೊಂಡಿದ್ದೆ.

“ಗೊತ್ತಿತ್ತು,” ಎಂದಳು. “ನಿಮ್ಮ ಆಫೀಸಿಗೆ ಒಂದ್ಸಲ ಫೋನ್ ಮಾಡಿದ್ದೆ. ಆಮೇಲೆ ಒಂದು ಮಂಗಳವಾರ ನಿಮ್ಮ ಕಾರು ಆಂಟಿ ಮನೆ ಮುಂದೆ ನೋಡ್ದೆ. ನಾನು ಆಂಟಿ ಹತ್ರ ಹೋಗ್ತಿದ್ದಿದ್ದು ಶುಕ್ರವಾರ.”

ಲಕೋಟೆ ಕೆಳಗಿಟ್ಟೆ. ಅವಳು ಮುಂದುವರಿಸಿದಳು. “ಯಾಕೆ ಬರ್ತಾರೆ ಅಂತ ಆಂಟೀನ ಕೇಳ್ದೆ. ಅವರು ಅನ್ನಕ್ಕೆ ಇನ್ನೊಂದು ಸೌಟು ಸಾರು ಹಾಕಿದ್ರು, ಅಷ್ಟೆ. ಸರಿ, ನೀವೇ ಹೇಳ್ತೀರಿ ಅಂತ ಸುಮ್ನಾದೆ.”

ಒಂದೇ ಮೇಜಿನ ಎದುರು ನಾವಿಬ್ಬರೂ ಬೇರೆ ಬೇರೆ ದಿನ ಕೂತು ಎದ್ದಿದ್ದೆವು. ಒಬ್ಬರದ್ದು ಇನ್ನೊಬ್ಬರಿಗೆ ತಲುಪದಂತೆ ನಡುವೆ ಆಂಟಿ ಇದ್ದರು. ಆ ದಿನಗಳಲ್ಲಿ ನಮ್ಮ ಮನೆ ಒಡೆಯದೆ ಉಳಿದದ್ದು ಅವರಿಂದ ಎಂದು ಈಗ ಗೊತ್ತಾಗುತ್ತಿದೆ. ಕೃತಜ್ಞತೆ ಹೇಳೋಣವೆಂದರೆ ಅವರಿಲ್ಲ.

ಶುಕ್ರವಾರಗಳಲ್ಲಿ ಅವಳು ಏನು ಹೇಳಿಕೊಳ್ಳುತ್ತಿದ್ದಳು? ಕೇಳಲಿಲ್ಲ. ಕಾಗದಗಳನ್ನು ಬದಿಗೆ ಸರಿಸಿ ಅವಳೆದುರು ಕೂತೆ. ಅವಳಾಗಿಯೇ ಹೇಳಿದಳು.

ಏನೆಂದು ನಿಮಗೆ ಹೇಳುವುದಿಲ್ಲ.