ಹುಳುಮನೆಯ ಚಿಟ್ಟಿ

ಮೊನ್ನೆ ನಮ್ಮನೆ ನಾಯಿಗೆ ಉಣ್ಣಿ ಔಷಧಿ ಹಾಕಿ ಮೈ ತೊಳೆದೆ. ಆಮೇಲೆ ಎಷ್ಟು ಸೋಪು ಹಚ್ಚಿ ಉಜ್ಜಿದರೂ ಆ ಘಾಟು ಬೆರಳು ಬಿಟ್ಟು ಹೋಗಲಿಲ್ಲ. ಸಾರಿಗೆ ಹುಣಸೆಹಣ್ಣು ಕಿವುಚುವಾಗಲೂ ಅದೇ ವಾಸನೆ… ಪಕ್ಕದ ಮನೆ ದೊಡ್ಡಮ್ಮ ನೆನಪಾದರು.

ರಕ್ತಸಂಬಂಧವೇನೂ ಅಲ್ಲ. ಶಿಡ್ಲಘಟ್ಟದ ಪಕ್ಕದ ಈ ಊರಿಗೆ ಸೊಸೆಯಾಗಿ ಬಂದ ದಿನದಿಂದ ನಾನು ಅವರನ್ನು ಹಾಗೇ ಕರೆಯುತ್ತಿದ್ದೆ. ಒಂಟಿ ಹೆಂಗಸು, ರೇಷ್ಮೆ ಹುಳು ಸಾಕುತ್ತಿದ್ದರು. ಮನೆಗೆ ಅಂಟಿಕೊಂಡೇ ಉದ್ದನೆಯ ಹುಳುಮನೆ. ಹುಳು ದಪ್ಪಗಾಗಿ ಸೊಪ್ಪು ಮುಕ್ಕುವ ದಿನಗಳಲ್ಲಿ ನಮ್ಮ ಬೀದಿಯಲ್ಲಿ ಯಾರೂ ಮೆಣಸಿನಕಾಯಿ ಒಗ್ಗರಣೆ ಹಾಕುತ್ತಿರಲಿಲ್ಲ, ದೇವರ ಮುಂದೆ ಊದುಬತ್ತಿಯನ್ನೂ ಹಚ್ಚುತ್ತಿರಲಿಲ್ಲ. ಹುಳು ಅಷ್ಟು ಸೂಕ್ಷ್ಮ. ಔಷಧಿ ಮುಟ್ಟಿದ ಕೈಯಲ್ಲಿ ಸೊಪ್ಪು ಹಾಕಿದರೆ ತಟ್ಟೆಗಟ್ಟಲೆ ಹುಳು ಹಸಿರು ಕಕ್ಕಿ ಸಾಯುತ್ತವೆ. ಆದ್ದರಿಂದ ಇಲಿ ಪಾಷಾಣವೂ ಒಳಗೆ ಬರುವಂತಿರಲಿಲ್ಲ. ಹುಳು ತಿನ್ನಲು ಬರುವ ಇಲಿಗೆ ಅವರ ಬಳಿ ಇದ್ದದ್ದು ಚಿಟ್ಟಿ ಒಂದೇ.

ಚಿಟ್ಟಿ ಟೆರಿಯರ್ ಜಾತಿಯ ಕುಳ್ಳ ನಾಯಿ. ಬಿಳಿ ಮೈ, ಕಂದು ಕಿವಿ, ತೆಂಗಿನ ನಾರಿನ ಹಾಗೆ ಒರಟು ಕೂದಲು. ಕುಡುಮಲಕುಂಟೆಯ ಕಾರ್ಖಾನೆಯಲ್ಲಿದ್ದ ಒಬ್ಬರು, ವರ್ಗವಾಗಿ ಹೋಗುವಾಗ, ಮನೆಯೆಲ್ಲ ಅಗೆಯುತ್ತದೆ ಅಂತ ಬೇಸತ್ತು ಕೊಟ್ಟುಹೋಗಿದ್ದರು. ಇಲ್ಲಿ ಆ ಅಗೆಯುವ ಚಟವೇ ಕೆಲಸವಾಯಿತು. ಹುಳುಮನೆಯ ಹಿಂಗೋಡೆಯ ಕೆಳಗೆ ತಾನೇ ಒಂದು ಬಿಲ ತೋಡಿಕೊಂಡು, ಇಲಿಯ ಹಿಂದೆ ನುಗ್ಗಿ, ಒಂದೇ ಸಲ ಕೊಡವಿ ಅದರ ಕತ್ತು ಮುರಿದು ತಂದು ದೊಡ್ಡಮ್ಮನ ಕಾಲ ಹತ್ತಿರ ಇಡುತ್ತಿತ್ತು. ಹಿಡಿದದ್ದನ್ನು ಬಿಡುವ ಜಾತಿಯಲ್ಲ. ಕೆಲಸವಿಲ್ಲದಿದ್ದರೆ ಚಪ್ಪಲಿ ಹರಿಯುತ್ತಿತ್ತು.

ಮಧ್ಯಾಹ್ನ ಸೊಪ್ಪು ಹಾಕಿ ಮುಗಿದ ಮೇಲೆ ದೊಡ್ಡಮ್ಮ ಜಗಲಿಯಲ್ಲಿ ಅದನ್ನು ತೊಡೆಗೆ ಒತ್ತಿಕೊಂಡು ಕೂರುತ್ತಿದ್ದರು. ಸತ್ತ ಕೂದಲನ್ನು ಕತ್ತರಿಸದೆ ಹೆಬ್ಬೆರಳಲ್ಲಿ ಹಿಡಿದು ಕೀಳುವರು. ಕಿವಿಯೊಳಗೆ, ಕಾಲ್ಬೆರಳ ಸಂದಿಯಲ್ಲಿ ಹುಡುಕಿ ಒಂದೊಂದೇ ಉಣ್ಣಿ ತೆಗೆದು ಉಪ್ಪುನೀರಿಗೆ ಹಾಕುವರು. ಅದು ಕೊಸರಿಕೊಂಡರೆ, "ವದ್ದು ಚಿಟ್ಟಿ, ಬೇಡ, ಸುಮ್ನಿರು. ನಿಮ್ಮಪ್ಪನ ಮನೇಲಿ ಸೋಫಾ ಮೇಲೆ ಕೂತಿದ್ದೆ ಅಂತ ಇಲ್ಲೂ ಮೆರೀಬೇಡ" ಅನ್ನುವರು.

ಆ ಬೇಸಿಗೆ ಉಣ್ಣಿ ವಿಪರೀತ. ಹುಳು ಕೊನೆಯ ಹಂತಕ್ಕೆ ಬಂದಿತ್ತು. ಹಗಲೂ ರಾತ್ರಿ ಸೊಪ್ಪು ಹಾಕುವ ಕೆಲಸದಲ್ಲಿ ದೊಡ್ಡಮ್ಮನಿಗೆ ಜಗಲಿಯಲ್ಲಿ ಕೂರಲು ಪುರುಸೊತ್ತು ಸಿಗಲಿಲ್ಲ. ಚಿಟ್ಟಿ ಅನ್ನ ಬಿಟ್ಟಿತು. ಒಸಡು ಬೆಳ್ಳಗಾಯಿತು.

ಪಶು ಡಾಕ್ಟರು ಬಂದು ಸೂಜಿ ಹಾಕಿದರು. "ಉಣ್ಣಿ ಜ್ವರ ಕಣಮ್ಮ. ಇವತ್ತೇ ಮೈಗೆ ಔಷಧಿ ಹಾಕಿ. ಅವು ರಕ್ತ ಹೀರ್ತಾನೇ ಇದ್ರೆ ನನ್ ಸೂಜಿ ಏನ್ ಮಾಡ್ತದೆ?"

"ಹುಳ ಗೂಡು ಕಟ್ಟೋಕೆ ಚಂದ್ರಿಕೆಗೆ ಏರ್ಲಿ ಸ್ವಾಮಿ. ಎರಡು ಮೂರು ದಿನ."

"ನಾಯಿ ಕಾಯಲ್ವಲ್ಲಮ್ಮ."

ನಾನು ಅಂದೆ, "ನಮ್ಮನೇಲಿ ಕಟ್ಟಾಕ್ತೀನಿ ದೊಡ್ಡಮ್ಮ. ಔಷಧಿ ನಾನೇ ಹಾಕ್ತೀನಿ, ನೀವು ಮುಟ್ಟೋದೇ ಬೇಡ."

ಮೊದಲು ಔಷಧಿ ಹಾಕದೆ ಬರೀ ಕಟ್ಟಿ ನೋಡೋಣ ಅಂದರು ದೊಡ್ಡಮ್ಮ. ಕಟ್ಟಿದೆ. ನಾನು ನೀರು ತರುವಷ್ಟರಲ್ಲಿ ಹಗ್ಗ ಕಡಿದು ಬಿಲದ ಮೂಲಕ ಹುಳುಮನೆ ಸೇರಿತ್ತು. ನಿಲ್ಲಲಾಗದೆ ತೂರಾಡುತ್ತಿದ್ದರೂ ತಟ್ಟೆಗಳ ಕೆಳಗೆ ಇಲಿಯ ವಾಸನೆಗೆ ಮೂಗೊಡ್ಡಿ ಕಾದಿತ್ತು. ಬಿಲ ಮುಚ್ಚಿದೆವು, ಪಕ್ಕದಲ್ಲೇ ಇನ್ನೊಂದು ಕೆದಕತೊಡಗಿತು. ಕೋಣೆಯಲ್ಲಿ ಕೂಡಿದರೆ ಬಾಗಿಲಿಗೆ ಹಾಯ್ದು ಮೂತಿ ಒಡೆದುಕೊಂಡಿತು.

ದೊಡ್ಡಮ್ಮ ಅದರ ಮೂತಿಯ ರಕ್ತವನ್ನು ಸೆರಗಲ್ಲಿ ಒರೆಸಿದರು. "ಔಷಧಿ ಮೈಯಲ್ಲೇ ಹಿಂಗೆ ಒಳಗೆ ಬಂದ್ರೆ ಒಂದು ಹುಳನೂ ಉಳಿಯಲ್ಲ ಕಣಮ್ಮ. ವರ್ಷದ ಅನ್ನ ನಂದು. ಬೇಡ, ಹುಳ ಏರ್ಲಿ."

ಎರಡು ದಿನ, ಸೊಪ್ಪು ಹಾಕುವ ನಡುನಡುವೆ ಓಡಿಬಂದು ಕೈಯಲ್ಲೇ ಉಣ್ಣಿ ಕಿತ್ತರು. ಕಿತ್ತಷ್ಟೂ ಇದ್ದವು. ಮೂರನೆಯ ದಿನ ಹುಳು ಹಣ್ಣಾಗಿ ಬಿದಿರಿನ ಚಂದ್ರಿಕೆಯ ಮೇಲೆ ಗೂಡು ಕಟ್ಟಲು ಕೂತವು, ಇನ್ನು ಸೊಪ್ಪು ಹಾಕುವ ಕೆಲಸವಿರಲಿಲ್ಲ. ಅಂದು ಸಂಜೆಯೇ ಬಕೆಟ್‌ನಲ್ಲಿ ಔಷಧಿ ಕಲಸಿ ಚಿಟ್ಟಿಯ ಮೈಗೆ ಸುರಿದರು. ಅದು ಕೊಸರಿಕೊಳ್ಳಲಿಲ್ಲ. ಆಗಲೇ ನನಗೆ ಗೊತ್ತಾಯಿತು… ಬೆಳಗಾಗುವಷ್ಟರಲ್ಲಿ ಹೋಗಿತ್ತು. ಹಿಪ್ಪುನೇರಳೆ ತೋಟದ ಅಂಚಿನಲ್ಲಿ ಹೂಳುವಾಗಲೂ ಮೈ ಒದ್ದೆಯಾಗಿತ್ತು, ಔಷಧಿ ನಾರುತ್ತಿತ್ತು.

ಬೆಳೆ ಚೆನ್ನಾಗಿ ಬಂತು. ಗೂಡು ಬಿಡಿಸಲು ಬಂದ ಒಬ್ಬಳು, "ನಾಯಿ ಹೋದ್ರೂ ಬೆಳೆ ಉಳೀತಲ್ಲ ದೊಡ್ಡಮ್ಮ" ಅಂದಳು. ದೊಡ್ಡಮ್ಮ ಕೈ ನಿಲ್ಲಿಸದೆ, "ಅದೇ ಉಳಿಸಿದ್ದು" ಅಂದರು.

ಆಮೇಲೆ ಅವರು ಹುಳುವಿನ ಮೊಟ್ಟೆ ತರಲಿಲ್ಲ. ತೋಟ ಗುತ್ತಿಗೆಗೆ ಕೊಟ್ಟರು. ಮಧ್ಯಾಹ್ನ ಜಗಲಿಯಲ್ಲಿ ಕೂತು ಬೆರಳು ಮೂಸಿ ನೋಡಿಕೊಳ್ಳುವರು. ಈಗ ಅವರೂ ಇಲ್ಲ… ಹುಳುಮನೆಯಲ್ಲಿ ಯಾರೋ ಕುಡಿಯುವ ನೀರಿನ ಕ್ಯಾನು ತುಂಬಿಟ್ಟು ಮಾರುತ್ತಾರೆ.

ಮೊನ್ನೆ ಸಾರು ಇಳಿಸಿದ ಮೇಲೆ ಒಂದು ಕ್ಯಾನು ಬೇಕಾಗಿ ಅಲ್ಲಿಗೆ ಹೋದೆ. ಬಾಗಿಲು ತೆರೆದೇ ಇತ್ತು. ಒಳಗೆ ಒಂದು ಹುಳುವೂ ಇಲ್ಲ ಅಂತ ಗೊತ್ತು. ಆದರೂ ಕೈಯಲ್ಲಿ ಆ ಘಾಟು ಇತ್ತಲ್ಲ, ಹೊಸಿಲು ದಾಟಲಾಗಲಿಲ್ಲ. ಆಚೆಯೇ ನಿಂತು, ಒಳಗಿದ್ದ ಹುಡುಗನಿಗೆ, ಒಂದು ಕ್ಯಾನು ಹೊರಗಿಡಪ್ಪ ಅಂತ ಕೂಗಿದೆ.