ತೆರಕಣಾಂಬಿಯ ದೋಣಿ ಪಿಚ್ಚರ್

ತೆರಕಣಾಂಬಿಯಿಂದ ಮೊದಲ ಬಸ್ಸು ಹೊರಡುವ ಮುಂಚೆಯೇ ಮೂಗಯ್ಯನವರ ಜಗಲಿಯಲ್ಲಿ ಸಿನಿಮಾ ಸುತ್ತುತ್ತಿದೆ. ಪರದೆ ಇಲ್ಲ, ಮೆಷಿನ್ನೂ ಇಲ್ಲ. ಬಿಸಿಲೇರಿದರೆ ರೀಲು ಅಂಟಿಕೊಳ್ಳುತ್ತದೆಂದು ಅವರು ನಸುಕಿನಲ್ಲೇ ಕೂತು, ಬಟ್ಟೆಯಲ್ಲಿ ಒರೆಸುತ್ತಾ ಕೈಯಲ್ಲೇ ಸುತ್ತುತ್ತಾರೆ. ರೀಲಿನ ಹುಳಿ ವಾಸನೆ ಮೂಗಿಗೆ ಬಡಿಯುತ್ತದೆ. “ಕೊಳೀತಾ ಅದೆ ಸಾ. ಗಾಳಿ ಆಡುಸ್ದಿದ್ರೆ ಓಯ್ತದೆ,” ಎನ್ನುತ್ತಾರೆ, ನೋಡಲು ಬಂದ ನನಗೆ.

ಅದು ಬ್ರೆಜಿಲ್‌ನ ಹಳೆಯ ಕಪ್ಪು-ಬಿಳುಪು ಚಿತ್ರ. ಬ್ರೆಜಿಲ್ ಎಲ್ಲಿ, ತೆರಕಣಾಂಬಿ ಎಲ್ಲಿ! ಮೂಗಯ್ಯ ಇಲ್ಲಿನ ಟೆಂಟ್ ಸಿನಿಮಾದ ಆಪರೇಟರ್ ಆಗಿದ್ದಾಗ ಹಂಚಿಕೆದಾರರು ಕನ್ನಡ ಚಿತ್ರದ ಬದಲು ಈ ಪೆಟ್ಟಿಗೆಯನ್ನು ಬಸ್ಸಿಗೆ ಹಾಕಿಬಿಟ್ಟರಂತೆ. ಟಿಕೆಟ್ ಕೊಟ್ಟಾಗಿತ್ತು, ಓಡಿಸಿಯೇಬಿಟ್ಟರು. ಮೀನು ಮಾರುವ ತಾಯಿ, ಕಡಲಿಗಿಳಿಯುವ ಮಗ. ಮಾತು ತಿಳಿಯದಿದ್ದರೂ ಜನ ಅಲ್ಲಾಡಲಿಲ್ಲ. ಕೊನೆಯಲ್ಲಿ ಮಗನ ಹೆಣ ದಡಕ್ಕೆ ಬಂತು ನೋಡಿ, ಹೆಂಗಸರು ರೇಗಿಬಿಟ್ಟರು.

“ಕಾಸಿಸ್ಕೊಂಡು ಮಗೀನ ಸಾಯ್ಸೀಯೇನ್ಲಾ ಅಂತ ನನ್ನೇ ಬೈದ್ರು ಸಾ. ಮಾರ್ನೆ ದಿನ ಸಾಯೋದ್ನ ಕತ್ತರಿಸ್ಬುಟ್ಟೆ. ಮೊದ್ಲಲ್ಲಿ ಅವ್ನು ದೋಣೀಲಿ ಮನೆಗ್ ಬರೋದಿತ್ತಲ್ಲ, ಅದ್ನ ತಂದು ಕೊನೆಗೆ ಅಂಟುಸ್ದೆ. ಜನ ಸಿಳ್ಳೆ ಒಡುದ್ರು!”

‘ದೋಣಿ ಪಿಚ್ಚರ್’ ವಾರಗಟ್ಟಲೆ ಓಡಿತು. ಗುಂಡ್ಲುಪೇಟೆಯಿಂದ ಈರುಳ್ಳಿ ಲಾರಿ ಹತ್ತಿಕೊಂಡು ಬಂದವರೂ ಉಂಟು. ಆಮೇಲೆ ಹಂಚಿಕೆದಾರರು ಬಾಗಿಲು ಹಾಕಿದರು, ಟೆಂಟೂ ಹೋಯಿತು, ಪೆಟ್ಟಿಗೆ ಕೇಳಿಕೊಂಡು ಯಾರೂ ಬರಲಿಲ್ಲ. ಮೂಗಯ್ಯ ಫ್ಯಾನು, ಮಿಕ್ಸಿ ರಿಪೇರಿಗಿಳಿದರು. ಬೆಳಗಿನ ರೀಲಿನ ಕೆಲಸ ಮಾತ್ರ ಬಿಡಲಿಲ್ಲ.

ಈಗ ಬಂದಿದ್ದಾರೆ, ಮೈಸೂರಿನಲ್ಲಿ ಹಳೆಯ ಚಿತ್ರ ಸಂಗ್ರಹಿಸುವ ರೂಪಶ್ರೀ. ಇದರ ಬೇರೆ ಪ್ರತಿ ಬ್ರೆಜಿಲ್‌ನಲ್ಲೂ ಸಿಕ್ಕಿಲ್ಲವಂತೆ. ಸಂಗ್ರಾಹಕರು ಇದಕ್ಕೆ ಹಾತೊರೆಯುವುದು ಅದಕ್ಕೇ. ಗೀರು, ತೇಪೆ ಎಲ್ಲ ಅವರಿಗೆ ಪ್ರೀತಿಯೇ. ಕಥೆ ಮಾತ್ರ ಮೂಲದಂತಿರಬೇಕು. ಕತ್ತರಿಸಿದ ತುಂಡು ಇದೆಯಾ ಎಂದು ರೂಪಶ್ರೀ ಅಳುಕುತ್ತಲೇ ಕೇಳಿದರೆ, ಮೂಗಯ್ಯ ಅಟ್ಟದಿಂದ ಡಬ್ಬಿ ಇಳಿಸುತ್ತಾರೆ. ಆ ಸಾವನ್ನು ಮತ್ತೆ ಕೊನೆಗೆ ಸೇರಿಸಲು ಬ್ಲೇಡು, ಅಂಟು ತೆಗೆದಿಟ್ಟುಕೊಂಡು ಕೂರುತ್ತಾರೆ.

ಅವರ ಹೆಂಡತಿ ಮರಿತಾಯಮ್ಮ ಕಾಫಿ ಲೋಟ ಕುಕ್ಕುತ್ತಾರೆ. “ಆ ಮಗೀನ ಇಷ್ಟ್ ವರ್ಸ ಉಳ್ಸ್ಕೊಂಡು, ಈಗ ಕೈಯಾರೆ ಕೊಂದೀಯಾ?”

ಬ್ಲೇಡು ಹಿಡಿದ ಕೈ ನಿಲ್ಲುತ್ತದೆ. ನನಗೂ ಸಂಕಟವಾಗುತ್ತದೆ. ಹಾಗೇ ಬಿಟ್ಟುಬಿಡಿ ಎನ್ನೋಣವೆಂದರೆ, ಆ ಚಿತ್ರ ಮಾಡಿದವನ ಕಥೆ ಅದಲ್ಲವಲ್ಲ.

“ಮೊದ್ಲು ಈಗಿರಂಗೇ ಒಂದ್ ಕಾಪಿ ತಕ್ಕೊಳವ್ವ,” ಎನ್ನುತ್ತಾರೆ ಮೂಗಯ್ಯ, ರೂಪಶ್ರೀಗೆ. “ಅದು ನಮ್ಗಿರ್ಲಿ. ಆಮೇಕೆ ಕತ್ತರಿಸ್ಕೊಡ್ತೀನಿ.”

ರೂಪಶ್ರೀ ಒಪ್ಪಿದ್ದಾರೆ. ಆ ಕಾಪಿಯನ್ನು ಊರಲ್ಲಿ ಒಮ್ಮೆ ತೋರಿಸುವುದಕ್ಕೂ ಒಪ್ಪಿದ್ದಾರೆ. ಮೂಗಯ್ಯ ಬ್ಲೇಡು ಕೆಳಗಿಟ್ಟು, ಹೆಂಡತಿಯ ಕಡೆ ತಿರುಗುತ್ತಾರೆ.

“ಅವ್ರ್ ದೇಸ್ದಲ್ಲಿ ಸಾಯ್ಲಿ ಬುಡಮ್ಮಿ, ಅದು ಅವ್ರ್ ಕತೆ. ತೆರಕಣಾಂಬೀಲಿ ಅವ್ನು ಮನೆಗ್ ಬತ್ತಾನೆ.”